ಎತ್ತರಿಸಿದ ಗಾಡಿಯಲ್ಲಿ ಸ್ಪ್ರಿಂಗ್‌ಗಿಂತ ಮೊದಲು ನೋಡಬೇಕಾದದ್ದು

ಸಕಲೇಶಪುರದ ಕಡೆಯ ಒಂದು ಗ್ಯಾರೇಜಿನಲ್ಲಿ ನನ್ನ ಕೆಲಸ. ಫೋರ್ ವೀಲ್ ಡ್ರೈವ್ ಗಾಡಿಗಳ ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗ್, ಶಾಕ್, ಆರ್ಮ್‌ಗಳ ಏರ್ಪಾಡು, ನನ್ನ ಪಾಲಿನದು. ಮಳೆಗಾಲ ಹಿಂದೆ ಸರಿದು ತೋಟದ ದಾರಿಗಳು ಒಣಗುವ ಹೊತ್ತಿಗೆ ಲಿಫ್ಟ್ ಮಾಡಿಸಿದ, ಅಂದರೆ ಉದ್ದದ ಸ್ಪ್ರಿಂಗ್ ಹಾಕಿ ಮೈ ಎತ್ತರಿಸಿದ ಗಾಡಿಗಳು ಒಂದೊಂದಾಗಿ ಬರುತ್ತವೆ. ಹಿಂದುಗಡೆ ಕಟಕಟ ಸದ್ದು, ಒಂದು ಬದಿಗೆ ವಾಲಿದ ಮೈ, ಸಣ್ಣ ಗುಂಡಿಗೂ ಬೆನ್ನಿಗೆ ಹೊಡೆಯುವ ಗಡಸುತನ, ವೇಗದಲ್ಲಿ ನಡುಗುವ ಸ್ಟೀರಿಂಗ್. ದೂರು ಯಾವುದೇ ಇರಲಿ, ಮಾಲೀಕರ ಬೇಡಿಕೆ ಒಂದೇ: "ಸ್ಪ್ರಿಂಗ್ ಸರಿಯಿಲ್ಲ ಅಣ್ಣ, ಬೇರೆ ಹಾಕಿಕೊಡಿ."

ಇಂಥ ಗಾಡಿಗಳಲ್ಲಿ ಸ್ಪ್ರಿಂಗೇ ಕೆಟ್ಟಿರುವುದು ಕಡಿಮೆ. ಆರ್ಮ್‌ಗಳ ತುದಿಯ ರಬ್ಬರ್ ಬುಷ್, ಸ್ಪ್ರಿಂಗಿನ ಪಕ್ಕದಲ್ಲಿರುವ ಶಾಕ್ ಅಬ್ಸಾರ್ಬರ್, ಅದು ಕುಳಿತಿರುವ ಸೀಟು, ಅದರ ಮೇಲೆ ಹೇರಿದ ಭಾರ, ಇವುಗಳಲ್ಲಿ ಯಾವುದೋ ಒಂದು ಲೆಕ್ಕ ತಪ್ಪಿರುತ್ತದೆ. ಸ್ಪ್ರಿಂಗ್ ಬದಲಾಯಿಸಿದರೆ ಹಣ ಹೋಗುತ್ತದೆ, ದೋಷ ಗಾಡಿಯಲ್ಲೇ ಉಳಿಯುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳು ಬೆಳೆದದ್ದು ಪಟ್ಟಿ ಸ್ಪ್ರಿಂಗಿನ ಜೀಪುಗಳ ಜೊತೆ. ಮಾರುತಿ ಜಿಪ್ಸಿಗೆ ನಾಲ್ಕೂ ಚಕ್ರಕ್ಕೆ ಪಟ್ಟಿಯೇ. ಪಟ್ಟಿ ಭಾರವನ್ನು ಹೊರುವುದರ ಜೊತೆಗೆ ಎಡಬಲದ ಚಕ್ರಗಳನ್ನು ಜೋಡಿಸುವ ಅಚ್ಚನ್ನು, ಅಂದರೆ ಆಕ್ಸಲನ್ನು, ಹಿಂದೆ ಮುಂದೆ, ಅತ್ತ ಇತ್ತ ಸರಿಯದಂತೆ ಹಿಡಿದಿಡುತ್ತದೆ. ಕಾಯಿಲ್ ಸ್ಪ್ರಿಂಗಿಗೆ ಆ ಎರಡನೆಯ ಶಕ್ತಿ ಇಲ್ಲ. ಅದು ಭಾರ ಹೊರುತ್ತದೆ, ಅಷ್ಟೇ. ಆಕ್ಸಲನ್ನು ಹಿಡಿಯಲು ಉದ್ದದ ಆರ್ಮ್‌ಗಳು ಬೇಕು, ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್ ಬೇಕು. ಮಾರುತಿ ಜಿಮ್ನಿಯ ಮುಂದೆಯೂ ಹಿಂದೆಯೂ ಇರುವುದು ಇಂಥದ್ದೇ ಏರ್ಪಾಡು: ಗಟ್ಟಿ ಆಕ್ಸಲ್, ಮೂರು ಲಿಂಕ್, ಕಾಯಿಲ್ ಸ್ಪ್ರಿಂಗ್. ಆದ್ದರಿಂದ ಸ್ಪ್ರಿಂಗ್ ಉದ್ದವಾದರೆ ಆ ಎಲ್ಲ ಆರ್ಮ್‌ಗಳ, ರಾಡಿನ ಕೋನವೂ ಬದಲಾಗುತ್ತದೆ. ಲಿಫ್ಟ್ ಎಂದರೆ ನಾಲ್ಕು ಸ್ಪ್ರಿಂಗ್ ಬದಲಾಯಿಸುವುದು ಎಂದುಕೊಂಡವರಿಗೆ ತೊಂದರೆ ಶುರುವಾಗುವುದು ಇಲ್ಲಿಂದ.

ಗಾಡಿ ಬಂದೊಡನೆ ನಾನು ಜಾಕ್ ಹಾಕುವುದಿಲ್ಲ, ಟೇಪು ತೆಗೆದುಕೊಳ್ಳುತ್ತೇನೆ. ಸಮತಟ್ಟಾದ ನೆಲದ ಮೇಲೆ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಬಂಪರನ್ನು ನಾಲ್ಕು ಸಲ ಅದುಮಿ ಬಿಟ್ಟು, ಪ್ರತಿ ಚಕ್ರದ ಹಬ್ಬಿನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯುತ್ತೇನೆ. ನೆಲದಿಂದ ಅಳೆದರೆ ಟೈರಿನ ಗಾತ್ರವೂ ಗಾಳಿಯೂ ಲೆಕ್ಕದೊಳಗೆ ಸೇರಿಕೊಳ್ಳುತ್ತವೆ. ನಾಲ್ಕೂ ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆದು, ಟ್ಯಾಂಕಿನಲ್ಲಿ ಇಂಧನ ಎಷ್ಟಿದೆ, ಹಿಂದೆ ಏನೇನು ಸಾಮಾನಿದೆ ಎಂಬುದನ್ನೂ ಗುರುತು ಹಾಕಿಕೊಳ್ಳುತ್ತೇನೆ. ಎಡಬಲಗಳ ನಡುವೆ ಹತ್ತು ಮಿಲಿಮೀಟರಿನೊಳಗಿನ ವ್ಯತ್ಯಾಸಕ್ಕೆ ನಾನು ಏನನ್ನೂ ಬಿಚ್ಚುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕೆಳಗೆ ಇಳಿಯುತ್ತೇನೆ.

ಇಳಿದಾಗ ಮೊದಲು ನೋಡುವುದು ಬುಷ್‌ಗಳ ಬೋಲ್ಟು. ಈ ಒಂದು ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಆರ್ಮ್‌ಗಳ ತುದಿಯ ರಬ್ಬರ್ ಬುಷ್ ಹೊರಗಿನ ಕೊಳವೆಗೂ ಒಳಗಿನ ಕೊಳವೆಗೂ ಅಂಟಿಕೊಂಡೇ ತಯಾರಾಗಿರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಬ್ರ್ಯಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಲಿಫ್ಟ್ ಕೆಲಸದಲ್ಲಿ ಗಾಡಿಯನ್ನು ಎತ್ತಿ, ಆಕ್ಸಲ್ ಜೋತು ಬಿದ್ದಿರುವಾಗಲೇ ಬೋಲ್ಟುಗಳನ್ನು ಬಿಗಿದುಬಿಡುವವರು ಬಹಳ. ಗಾಡಿಯನ್ನು ನೆಲಕ್ಕೆ ಇಳಿಸಿದ ಕ್ಷಣದಿಂದ ಆ ರಬ್ಬರ್, ಒದ್ದೆ ಬಟ್ಟೆಯನ್ನು ಹಿಂಡಿ ಹಿಡಿದಂತೆ, ಸದಾ ತಿರುಚಿಕೊಂಡೇ ಇರುತ್ತದೆ. ನಿಂತಲ್ಲೇ ಅದು ಗಾಡಿಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಮಾಲೀಕರಿಗೆ ಕಾಣುವುದು ಎರಡು: ಹೇಳಿದ್ದಕ್ಕಿಂತ ಹೆಚ್ಚು ಎತ್ತರ, ಹೇಳಿದ್ದಕ್ಕಿಂತ ಹೆಚ್ಚು ಗಡಸು. ಕೆಲವು ತಿಂಗಳಲ್ಲಿ ರಬ್ಬರ್ ಹರಿಯುತ್ತದೆ, ಎತ್ತರ ಇಳಿಯುತ್ತದೆ. ಆಗ "ಸ್ಪ್ರಿಂಗ್ ಕುಸಿಯಿತು" ಎನ್ನುತ್ತಾರೆ.

ಇದಕ್ಕೆ ಮದ್ದು ಸುಲಭ. ಗಾಡಿಯ ಪೂರ್ತಿ ಭಾರ ಚಕ್ರಗಳ ಮೇಲಿರುವಾಗ ಆರ್ಮ್‌ಗಳ, ಪ್ಯಾನ್‌ಹಾರ್ಡ್ ರಾಡಿನ ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ಅದುಮಿ ಅಲ್ಲಾಡಿಸಿ, ಅದೇ ಸ್ಥಿತಿಯಲ್ಲಿ ತಯಾರಕರು ಕೊಟ್ಟ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಬೋಲ್ಟ್ ಸಡಿಲಗೊಂಡೊಡನೆ ಆರ್ಮ್ ಟಪ್ ಎಂದು ತಿರುಗಿ ಗಾಡಿ ಕಣ್ಣೆದುರೇ ಕೆಳಗೆ ಕುಳಿತರೆ ರೋಗ ಸಿಕ್ಕಿತು ಎಂದೇ ಅರ್ಥ. ಹೊಸ ಸ್ಪ್ರಿಂಗಿಗೆ ಹಣ ತಂದಿದ್ದ ಎಷ್ಟೋ ಮಂದಿ ಬರಿಯ ಮಜೂರಿ ಕೊಟ್ಟು ಹೋಗಿದ್ದಾರೆ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಡುವ ಗಳಿಗೆ ಅದು.

ಮುಂದಿನದು ಶಾಕ್ ಅಬ್ಸಾರ್ಬರಿನ ಉದ್ದ. ಇಲ್ಲಿ ಎರಡು ಬಗೆಯ ತಪ್ಪು ಜೋಡಣೆ ಕಾಣಿಸುತ್ತದೆ. ಮೊದಲನೆಯದು ಉದ್ದ ಸ್ಪ್ರಿಂಗಿಗೆ ಕಂಪನಿಯ ಹಳೆಯ ಶಾಕ್. ಚಕ್ರ ಗುಂಡಿಗೆ ಇಳಿಯುವಾಗ ಶಾಕ್ ಬೇಗನೆ ತನ್ನ ಪೂರ್ತಿ ಉದ್ದ ಮುಟ್ಟಿ ಧಡ್ ಎನ್ನುತ್ತದೆ. 50 ಮಿಲಿಮೀಟರ್ ಎತ್ತರಿಸಿದರೆ ಕೆಳಮುಖದ ಆಟದಲ್ಲಿ ಅಷ್ಟನ್ನೇ ಕಳೆದುಕೊಂಡಂತೆ. ರಸ್ತೆಯ ಉಬ್ಬು ದಾಟಿದ ಮೇಲೆ, ಅಂದರೆ ಚಕ್ರ ಕೆಳಗೆ ಬೀಳುವಾಗ ಸದ್ದು ಬಂದರೆ ಅನುಮಾನ ಇದರ ಮೇಲೆ. ಎರಡನೆಯದು ಇದಕ್ಕೆ ಉಲ್ಟಾ: ತೀರಾ ಉದ್ದದ ಶಾಕ್, ಅದಕ್ಕೆ ಸಾಲದ ಸ್ಪ್ರಿಂಗ್. ಕಲ್ಲುದಾರಿಯಲ್ಲಿ ಒಂದು ಚಕ್ರ ಪೂರ್ತಿ ಜೋತಾಗ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲಾಗಿ ಆಡುತ್ತದೆ, ತಿರುಗುತ್ತದೆ, ಕೆಲವೊಮ್ಮೆ ಜಾರಿ ಹೊರಗೇ ಬರುತ್ತದೆ. ಮತ್ತೆ ಭಾರ ಬಿದ್ದಾಗ ತಪ್ಪು ಜಾಗದಲ್ಲಿ ಕೂರುತ್ತದೆ. ಡಾಂಬರು ರಸ್ತೆಯಲ್ಲಿ ಈ ದೋಷ ಎಂದೂ ಕಾಣಿಸುವುದಿಲ್ಲ.

ಅದಕ್ಕಾಗಿ ಗಾಡಿಯ ಒಂದು ಮುಂದಿನ ಚಕ್ರವನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಜೋತಿರುವ ಕಡೆಯ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತೇನೆ. ಕೈಗೆ ಅಲ್ಲಾಡಿದರೆ ಆ ಜೋಡಣೆ ತಪ್ಪು. ಇದೇ ಹೊತ್ತಿನಲ್ಲಿ ಬ್ರೇಕ್ ಹೋಸ್ ಬಿಗಿದು ನಿಂತಿದೆಯೇ, ಎಬಿಎಸ್ ವೈರು ಎಳೆದುಕೊಂಡಿದೆಯೇ ಎಂದು ಟಾರ್ಚ್ ಬಿಟ್ಟು ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ಸ್ಪ್ರಿಂಗಿನ ಸದ್ದು ಕಿರಿಕಿರಿ ಮಾತ್ರ. ಬಿಸಿಲೆ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಹೋಸ್ ಹರಿದರೆ ಜೀವಕ್ಕೇ ಅಪಾಯ.

ಮೇಲ್ಮುಖದ ಆಟಕ್ಕೆ ಬೇರೆ ಪರೀಕ್ಷೆ ಇದೆ. ಉದ್ದದ ಶಾಕ್ ಮಡಿಚಿಕೊಂಡಾಗಲೂ ಉದ್ದವಾಗಿಯೇ ಇರುತ್ತದೆ. ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರ್ ಅಡೆಯಾದ ಬಂಪ್ ಸ್ಟಾಪನ್ನು ಅದಕ್ಕೆ ತಕ್ಕಂತೆ ಕೆಳಕ್ಕೆ ಇಳಿಸದಿದ್ದರೆ, ರಬ್ಬರಿಗೆ ತಾಗುವ ಮೊದಲೇ ಶಾಕಿನೊಳಗೆ ಲೋಹಕ್ಕೆ ಲೋಹ ಬಡಿಯುತ್ತದೆ. ಬಂಪ್ ಸ್ಟಾಪಿಗೆ ಒಂದು ಉಂಡೆ ಜೇಡಿಮಣ್ಣು ಮೆತ್ತಿ, ಶಾಕಿನ ದಂಡ ಹೊರಗೆ ಕಾಣುವಂತಿದ್ದರೆ ಅದಕ್ಕೊಂದು ಕೇಬಲ್ ಟೈ ಕಟ್ಟಿ, ಮಾಲೀಕರನ್ನೇ ಅವರ ತೋಟದ ದಾರಿಗೆ ಕಳಿಸುತ್ತೇನೆ. ಮಣ್ಣು ಹಾಗೆಯೇ ಉಳಿದು ಕೇಬಲ್ ಟೈ ದಂಡದ ತುದಿಗೆ ಸರಿದಿದ್ದರೆ ಬಡಿಯುತ್ತಿರುವುದು ಶಾಕ್. ಸ್ಪ್ರಿಂಗಿನ ಸುತ್ತುಗಳ ನಡುವೆ ಬಣ್ಣ ಸವೆದು ಹೊಳೆಯುವ ಗೆರೆ ಬಿದ್ದಿದ್ದರೆ ಸುತ್ತಿಗೆ ಸುತ್ತು ತಾಗುತ್ತಿದೆ ಎಂದು ತಿಳಿಯಬೇಕು. ಆದರೆ ಒಂದು ತುದಿಯಲ್ಲಿ ಒತ್ತಾಗಿ, ಇನ್ನೊಂದು ತುದಿಯಲ್ಲಿ ಬಿಡಿಯಾಗಿ ಸುತ್ತಿದ ಪ್ರೊಗ್ರೆಸಿವ್ ಸ್ಪ್ರಿಂಗಿನಲ್ಲಿ ಒತ್ತು ಸುತ್ತುಗಳು ತಾಗುವುದು ಸಹಜ. ಅಲ್ಲಿನ ಗೆರೆ ನೋಡಿ ಹೆದರಬೇಕಾಗಿಲ್ಲ.

ಗಡಸುತನದ ದೂರಿನಲ್ಲಿ ಭಾರದ ಲೆಕ್ಕ ಕೇಳದೆ ಮುಂದೆ ಹೋಗಬಾರದು. ಲಿಫ್ಟ್ ಕಿಟ್ಟುಗಳು ಬರುವುದೇ ಇಂತಿಷ್ಟು ಹೆಚ್ಚುವರಿ ಭಾರಕ್ಕೆ ಎಂದು. ಉಕ್ಕಿನ ಬಂಪರ್, ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್ ಹಾಕುವವರಿಗಾಗಿ ಮಾಡಿದ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಅದು ಎತ್ತರವಾಗಿಯೂ ಒರಟಾಗಿಯೂ ಇರುತ್ತದೆ. ಸ್ಪ್ರಿಂಗ್ ಒಳ್ಳೆಯದೇ, ಗಾಡಿ ಬೇರೆ. ತಂತಿಯ ದಪ್ಪ ಸ್ವಲ್ಪ ಹೆಚ್ಚಿದರೂ ಗಡಸು ಬಹಳ ಹೆಚ್ಚುತ್ತದೆ, ಏಕೆಂದರೆ ಅದು ವ್ಯಾಸದ ನಾಲ್ಕನೆಯ ಘಾತಕ್ಕೆ ಏರುತ್ತದೆ. ಉಳಿದೆಲ್ಲ ಒಂದೇ ಇದ್ದು 12 ಮಿಲಿಮೀಟರ್ ತಂತಿಯ ಬದಲು 13 ಬಂದರೆ ಗಡಸು ಸುಮಾರು ಶೇ 38 ಹೆಚ್ಚು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ವರ್ನಿಯರ್ ಹಿಡಿದರೆ ಮಾತ್ರ ಗೊತ್ತಾಗುತ್ತದೆ.

ಇನ್ನು ಕೆಲವರು ಸಾಧಾರಣ ಸ್ಪ್ರಿಂಗ್ ಹಾಕಿಸಿ ಆಮೇಲೆ ವಿಂಚ್ ಕೂರಿಸುತ್ತಾರೆ. ಮುಂದಿನ ಆಕ್ಸಲಿಗಿಂತ 600 ಮಿಲಿಮೀಟರ್ ಮುಂದೆ 70 ಕಿಲೋ ತೂಗು ಹಾಕಿದರೆ, ಐದು ಬಾಗಿಲಿನ ಜಿಮ್ನಿಯ 2590 ಮಿಲಿಮೀಟರ್ ವೀಲ್‌ಬೇಸ್‌ನಲ್ಲಿ, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರದಲ್ಲಿ, ಮುಂದಿನ ಆಕ್ಸಲಿಗೆ ಬೀಳುವುದು 86 ಕಿಲೋ. ಹಿಂದಿನಿಂದ 16 ಕಿಲೋ ಎತ್ತಿಹೋಗುತ್ತದೆ. ಮುಂದಿನ ಎರಡು ಸ್ಪ್ರಿಂಗ್‌ಗಳಲ್ಲಿ ಒಂದೊಂದೂ ಮಿಲಿಮೀಟರಿಗೆ ಎರಡೂವರೆ ಕಿಲೋ ಹೊರುತ್ತದೆ ಎಂದಿಟ್ಟುಕೊಂಡರೆ ಮುಂಭಾಗ 17 ಮಿಲಿಮೀಟರ್ ಕೂರಲೇಬೇಕು. ಅದನ್ನು ಕುಸಿತ ಎನ್ನಲಾಗದು.

ಗಾಡಿ ವಾಲುವುದಕ್ಕೂ ಪಕ್ಕಕ್ಕೆ ಸರಿಯುವುದಕ್ಕೂ ವ್ಯತ್ಯಾಸವಿದೆ. ಹಿಂದಿನಿಂದ ನೋಡಿದಾಗ ಒಂದು ಟೈರ್ ಹೊರಗೆ, ಇನ್ನೊಂದು ಒಳಗೆ ಕಂಡರೆ ಅದು ಪ್ಯಾನ್‌ಹಾರ್ಡ್ ರಾಡಿನ ಕೆಲಸ. ರಾಡಿನ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲಿಗೆ. 900 ಮಿಲಿಮೀಟರ್ ಉದ್ದದ ರಾಡಿನ ಎರಡು ತುದಿಗಳ ಎತ್ತರದಲ್ಲಿ ಮೊದಲೇ 100 ಮಿಲಿಮೀಟರ್ ವ್ಯತ್ಯಾಸವಿದ್ದು, ಮತ್ತೆ 50 ಎತ್ತರಿಸಿದರೆ ಆಕ್ಸಲ್ 7 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಮುಗಿಯಿತು. ನಿಜವಾಗಿ ವಾಲಿದ್ದರೆ ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕುಳಿತಿದೆಯೇ, ರಬ್ಬರ್ ಪ್ಯಾಡ್ ಎರಡೂ ಕಡೆ ಇದೆಯೇ ಎಂದು ನೋಡಬೇಕು. ತುದಿ ಮೆಟ್ಟಿಲಿನ ಮೇಲೇರಿ ಕುಳಿತ ಸ್ಪ್ರಿಂಗ್ ಆ ಕಡೆಯನ್ನು ಎತ್ತುತ್ತದೆ, ಸ್ಟೀರಿಂಗ್ ತಿರುಗಿಸುವಾಗ ಟಂಗ್ ಎಂದು ಸದ್ದನ್ನೂ ಮಾಡುತ್ತದೆ. ಕೆಲವು ಕಿಟ್ಟುಗಳಲ್ಲಿ ಎಡಬಲಕ್ಕೆ ಬೇರೆ ಬೇರೆ ಎತ್ತರದ ಸ್ಪ್ರಿಂಗ್ ಇರುತ್ತವೆ. ಜೊತೆಗೆ ಬಂದ ಹಾಳೆಯನ್ನು ಓದದೆ ಹಾಕಿದರೆ ಎರಡೂ ಅದಲುಬದಲಾಗುತ್ತವೆ.

ಮುಂದಿನ ಸ್ಪ್ರಿಂಗ್ ಬಾಳೆಹಣ್ಣಿನ ಹಾಗೆ ಬಾಗಿದೆ ಎಂದು ಫೋಟೊ ಕಳಿಸುವವರಿದ್ದಾರೆ. ಅಂಥ ಬಾಗುವಿಕೆಗೂ ಸ್ಟೀರಿಂಗ್ ನಡುಗುವುದಕ್ಕೂ ಬೇರು ಒಂದೇ. ಮುಂದಿನ ಆರ್ಮ್ 800 ಮಿಲಿಮೀಟರ್ ಉದ್ದವಿದ್ದರೆ 50 ಮಿಲಿಮೀಟರ್ ಲಿಫ್ಟಿಗೆ ಅದು ಸುಮಾರು ಮೂರೂವರೆ ಡಿಗ್ರಿ ತಿರುಗುತ್ತದೆ, ಜೊತೆಗೆ ಆಕ್ಸಲನ್ನೂ ತಿರುಗಿಸುತ್ತದೆ. ಆಕ್ಸಲಿನ ಮೇಲಿರುವ ಸ್ಪ್ರಿಂಗಿನ ಕೆಳಗಿನ ಸೀಟು ಓರೆಯಾಗುತ್ತದೆ, ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಅಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಗ್ಗಿ, ಹೆದ್ದಾರಿಯ ವೇಗದಲ್ಲಿ ನಡುಕ ಶುರುವಾಗುತ್ತದೆ. ಕ್ಯಾಸ್ಟರ್ ಸರಿಪಡಿಸುವ ಬುಷ್ ಹಾಕಿ ಅಲೈನ್‌ಮೆಂಟ್ ಮಾಡಿಸಿದರೆ ಎರಡೂ ಒಟ್ಟಿಗೆ ತಗ್ಗುತ್ತವೆ. ಸ್ವಲ್ಪ ಬಾಗು ಉಳಿದರೂ ಸ್ಪ್ರಿಂಗ್ ಎಲ್ಲಿಗೂ ಉಜ್ಜದಿದ್ದರೆ ಸಾಕು.

2020ರ ನಂತರದ ಮಹೀಂದ್ರ ಥಾರ್ ಬಂದರೆ ಮುಂಭಾಗದ ಮಾತೇ ಬೇರೆ. ಅಲ್ಲಿ ಪ್ರತಿ ಚಕ್ರಕ್ಕೂ ಸ್ವತಂತ್ರ ಆರ್ಮ್‌ಗಳು, ಸ್ಪ್ರಿಂಗಿನೊಳಗೇ ಶಾಕ್. ಮೇಲಿನ ಮೌಂಟಿಗೆ ಸ್ಪೇಸರ್, ಅಂದರೆ ಎತ್ತರಿಸುವ ದಪ್ಪ ಬಿಲ್ಲೆ, ಇಟ್ಟರೆ ಸ್ಪೇಸರಿನ ದಪ್ಪಕ್ಕಿಂತ ಹೆಚ್ಚು ಎತ್ತರ ಬರುತ್ತದೆ, ಏಕೆಂದರೆ ಶಾಕ್ ಆರ್ಮಿನ ತುದಿಯಲ್ಲಿಲ್ಲ, ನಡುವೆ ಕೂತಿದೆ. ಸ್ಪ್ರಿಂಗಿನ ಗಡಸು ಬದಲಾಗುವುದಿಲ್ಲ, ಆದರೆ ಡ್ರೈವ್ ಶಾಫ್ಟಿನ ಜಾಯಿಂಟು ಕಡಿದಾದ ಕೋನದಲ್ಲಿ ತಿರುಗುತ್ತದೆ. ತಿರುವಿನಲ್ಲಿ ಕಟಕಟ ಎಂದರೆ ಆ ಜಾಯಿಂಟನ್ನೂ ಅದರ ರಬ್ಬರ್ ಬೂಟನ್ನೂ ನೋಡಬೇಕು. ಇದನ್ನು ಬಿಚ್ಚುವಾಗ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಮುಟ್ಟಬಾರದು. ಒತ್ತಿ ಹಿಡಿದ ಸ್ಪ್ರಿಂಗ್ ಸಿಡಿದರೆ ಪ್ರಾಣ ತೆಗೆಯುತ್ತದೆ.

ಎರಡು ಕೆಲಸಗಳನ್ನು ಯಾರು ಕೇಳಿದರೂ ನಾನು ಮಾಡುವುದಿಲ್ಲ. ವಾಲುವಿಕೆ ಸರಿಪಡಿಸಲು ಸ್ಪ್ರಿಂಗ್ ಕತ್ತರಿಸುವುದು ಒಂದು. ಎಂಟು ಸುತ್ತಿನಲ್ಲಿ ಒಂದು ಹೋದರೆ ಆ ಬದಿಯ ಗಡಸು ಶೇ 14 ಏರಿ ಎಡಬಲ ಶಾಶ್ವತವಾಗಿ ಬೇರೆಯಾಗುತ್ತವೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕೂರಿಸುವುದು ಇನ್ನೊಂದು. ಹದ ಹೋದ ಉಕ್ಕು ಯಾವ ದಿನ ಮುರಿಯುತ್ತದೋ ಹೇಳಲಾಗದು. ಮಲೆನಾಡಿನ ಕೆಸರು ಕೆಳಗಿನ ಸೀಟಿನಲ್ಲಿ ನಿಂತು ಪೇಂಟಿನಡಿ ತುಕ್ಕು ಹಿಡಿಸುವುದೂ ಕೊನೆಯ ಸುತ್ತು ಮುರಿಯಲು ಒಂದು ಕಾರಣ. ಗಾಡಿ ತೊಳೆಯುವಾಗ ಆ ಸೀಟಿನ ಬಟ್ಟಲನ್ನು ಮರೆಯಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಕಡೆ ಕೆಳಗಿದ್ದರೆ ಆಗ ಸ್ಪ್ರಿಂಗಿನ ಸರದಿ. ಎರಡೂ ಬದಿಗೆ ಒಂದೇ ಎತ್ತರದ ಸ್ಪ್ರಿಂಗ್ ಇರುವ ಗಾಡಿಯಾದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ಬುಷ್‌ಗಳನ್ನು ನೆಲದ ಮೇಲೆ ಬಿಗಿದು, ಮತ್ತೆ ಹಬ್ಬಿನಿಂದ ಮಡ್‌ಗಾರ್ಡಿಗೆ ಅಳೆಯುತ್ತೇನೆ. ತಗ್ಗು ಇದ್ದ ಕಡೆಯೇ ಉಳಿದರೆ ಕಾರಣ ಚಾಸಿಯಲ್ಲೋ ಸೀಟಿನಲ್ಲೋ ಭಾರದ ಹಂಚಿಕೆಯಲ್ಲೋ ಇದೆ, ಹುಡುಕುವುದನ್ನು ಮುಂದುವರಿಸುತ್ತೇನೆ. ತಗ್ಗು ಸ್ಪ್ರಿಂಗಿನ ಜೊತೆಗೇ ಇನ್ನೊಂದು ಕಡೆಗೆ ಹೋದರೆ ಸ್ಪ್ರಿಂಗ್ ಸೋತಿದೆ. ಆಗ ಆ ಆಕ್ಸಲಿನ ಎರಡನ್ನೂ ಜೋಡಿಯಾಗಿ ಬದಲಾಯಿಸುತ್ತೇನೆ. ಹೊಸ ಸ್ಪ್ರಿಂಗ್ ಮೊದಮೊದಲು ಕೆಲವು ಮಿಲಿಮೀಟರ್ ಇಳಿಯುವುದು ಸಹಜವಾದ್ದರಿಂದ, ಸಾವಿರ ಕಿಲೋಮೀಟರ್ ಓಡಿಸಿ ಬಂದ ಮೇಲೆ ಮತ್ತೊಮ್ಮೆ ಟೇಪು ಹಿಡಿದು, ಬೋಲ್ಟುಗಳ ಬಿಗಿ ನೋಡಿ, ಹೆಡ್‌ಲೈಟಿನ ಬೆಳಕನ್ನು ತಗ್ಗಿಸಿ ಕಳಿಸುತ್ತೇನೆ.