ಆಯಿ ಪಾತ್ರಕ್ಕೆ ಬರೀ ಬಿಳಿ ಪುಡಿ ಸಾಲಂಗಿಲ್ಲ

ಉಮಾಶ್ರೀ ಹುಟ್ಟಿದ್ದು 1957ರಲ್ಲಿ. ‘ಒಡಲಾಳ’ ನಾಟಕದ ಮುದುಕಿ ಸಾಕವ್ವನಾಗಿ ರಂಗದ ಮೇಲೆ ಹೆಸರು ಮಾಡಿದಾಗ ಅವರಿನ್ನೂ ಅಜ್ಜಿಯಾಗುವ ವಯಸ್ಸಿನವರಲ್ಲ. 1984ರ ‘ಅನುಭವ’ ಸಿನಿಮಾ ಅವರನ್ನು ಮನೆಮಾತು ಮಾಡಿತು, ವರ್ಷಗಟ್ಟಲೆ ಹಾಸ್ಯದ ಪಾತ್ರಗಳಿಗೂ ಕಟ್ಟಿಹಾಕಿತು. ರಾಷ್ಟ್ರಪ್ರಶಸ್ತಿ ಬಂದಿದ್ದು ಐವತ್ತು ದಾಟಿದ ಮೇಲೆ, ‘ಗುಲಾಬಿ ಟಾಕೀಸ್’ಗೆ. ಮುಂದೆ ಶಾಸಕಿ, ಮಂತ್ರಿ, ಕಿರುತೆರೆಯ ಪುಟ್ಟಕ್ಕ, ಮತ್ತೆ ರಂಗಕ್ಕೆ ಬಂದು ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕ. ಇಷ್ಟು ಉದ್ದದ ಓಟಕ್ಕೆ ಬುನಾದಿ ಆ ಸಾಕವ್ವನೇ ಅನ್ನುವುದು ನಮ್ಮ ಲೆಕ್ಕ: ಮುಪ್ಪನ್ನು ಮೊದಲೇ ಕಲಿತವಳಿಗೆ ವಯಸ್ಸಾದರೆ ಕೆಲಸ ತಪ್ಪುವುದಿಲ್ಲ.

ಕಲಬುರಗಿಯಲ್ಲಿ ಇಪ್ಪತ್ತೈದರ ಹುಡುಗಿಗೆ ಆಯಿ, ಅಂದರೆ ಅಜ್ಜಿಯ ಪಾತ್ರ ಬಿದ್ದರೆ ಮೊದಲು ಹುಡುಕುವುದು ತಲೆಗೆ ಹಚ್ಚುವ ಬಿಳಿ ಪುಡಿ. ಆಮೇಲೆ ಬೆನ್ನು ಬಗ್ಗಿಸುವುದು. ಎರಡೂ ತಪ್ಪು.

ಬಗ್ಗಬೇಕಾದ್ದು ಮೊದಲು ಮೊಣಕಾಲು. ಬೆನ್ನನ್ನೇ ಗೂನು ಮಾಡಿದರೆ ಎದೆಗೂಡು ಒತ್ತಿ ಉಸಿರು ಸಾಲದು, ಎರಡನೇ ಅಂಕಕ್ಕೆ ಸೊಂಟ ಹಿಡಿಯುತ್ತದೆ. ಮೊಣಕಾಲು ಸ್ವಲ್ಪ ಮಡಚಿ, ಹೆಜ್ಜೆ ಎತ್ತುವ ಮೊದಲೇ ಭಾರವನ್ನು ಇನ್ನೊಂದು ಕಾಲಿಗೆ ಹಾಕಬೇಕು. ತಿರುಗಿ ನೋಡುವಾಗ ಕುತ್ತಿಗೆ ಒಂದೇ ತಿರುಗಬಾರದು, ಭುಜವೂ ಜೊತೆಗೆ ಬರಬೇಕು. ನೆಲದಿಂದ ಏಳುವಾಗ ಒಂದು ಕೈ ನೆಲಕ್ಕೆ, ಇನ್ನೊಂದು ಮೊಣಕಾಲಿಗೆ, ನಡುವೆ ಒಂದು ಉಸಿರು. ಆಮೇಲೆ ಮಾತು.

ದನಿಯನ್ನು ನಡುಗಿಸುವುದು ಇನ್ನೂ ದೊಡ್ಡ ತಪ್ಪು. ನಡುಗುವ ದನಿ ವಾಕ್ಯದ ಕೊನೆಗೆ ಕುಸಿಯುತ್ತದೆ. ಕನ್ನಡದಲ್ಲಿ ಜೀವ ಇರುವುದೇ ಅಲ್ಲಿ. ‘ಅಂವ ಬರಂಗಿಲ್ಲ’ದಲ್ಲಿ ‘ಇಲ್ಲ’ ನುಂಗಿದರೆ ಎಸ್.ಎಂ. ಪಂಡಿತ ರಂಗಮಂದಿರದ ಹಿಂದಿನ ಸಾಲಿಗೆ ಕಥೆಯೇ ಉಲ್ಟಾ. ದನಿ ಗಟ್ಟಿ ಇರಲಿ, ಮಾತಿನ ನಡುವೆ ತಡೆದರೆ ಸಾಕು.

ಇನ್ನು ಬಿಳಿ ಪುಡಿ. ಒಣಪುಡಿ ಉದುರಿದರೆ ಕರಿ ಇಳಕಲ್ ಸೀರೆಯ ಹೆಗಲ ಮೇಲೆ ಸುಣ್ಣ ಬಿದ್ದ ಹಾಗೆ ಕಾಣುತ್ತದೆ. ನಮ್ಮ ಮೇ ತಿಂಗಳ ಬೆವರಿಗಂತೂ ಹಣೆಗೇ ಇಳಿಯುತ್ತದೆ. ಜಿಂಕ್ ಆಕ್ಸೈಡನ್ನು ಎರಡು ಹನಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬೈತಲೆಗೆ, ಕಿವಿಯ ಮೇಲ್ಗಡೆಗೆ ಮಾತ್ರ ಎಳೆಯಿರಿ. ಎಣ್ಣೆ ಹೆಚ್ಚಾದರೆ ಬಿಳುಪೇ ಕಾಣದು. ಸುಕ್ಕಿಗೆ ಕಪ್ಪು ಬೇಡ, ಕಂದು ಪೆನ್ಸಿಲ್ ಸಾಕು. ಮುಖ ಹಿಂಡಿದಾಗ ಮಡಿಕೆ ಎಲ್ಲಿ ಬೀಳುತ್ತದೋ ಅಲ್ಲೇ ಗೆರೆ, ಪಕ್ಕದಲ್ಲಿ ತಿಳಿಬಣ್ಣದ ಇನ್ನೊಂದು, ಆಮೇಲೆ ಬೆರಳಿನಿಂದ ಮಸುಕು. ಮುಂಗೈ ಎಲ್ಲರೂ ಮರೆಯುತ್ತಾರೆ: ಮುಖಕ್ಕೆ ಎಪ್ಪತ್ತು, ಕೈಗೆ ಇಪ್ಪತ್ತು!

ಕ್ಯಾಮೆರಾ ಮುಂದೆ ಈ ಗೆರೆಗಳೆಲ್ಲ ಬರೆದ ಹಾಗೇ ಕಾಣುತ್ತವೆ, ಒರೆಸಿಬಿಡಿ. ಉಳಿಯುವುದು ನಡಿಗೆ, ಉಸಿರು. ಅಲ್ಲಿ ತೊಂದರೆಯೇ ಬೇರೆ: ಅದೇ ಮಾತನ್ನು ದೂರದಿಂದ, ಹತ್ತಿರದಿಂದ ಮತ್ತೆ ಮತ್ತೆ ತೆಗೆಯುತ್ತಾರೆ. ಯಾವ ಶಬ್ದಕ್ಕೆ ಎಲೆ ಅಡಿಕೆ ಬಾಯಿಗೆ ಹೋಯಿತು, ಸೆರಗು ಯಾವ ಕೈಯಲ್ಲಿತ್ತು, ನೆನಪಿರಬೇಕು. ತಪ್ಪಿದರೆ ಸಂಕಲನದಲ್ಲಿ ಎರಡು ತುಣುಕು ಕೂಡುವುದಿಲ್ಲ.

ಭಾಷೆಯದೂ ಒಂದು ಮಾತು. ಸಾಕವ್ವನದು ಮೈಸೂರು ಸೀಮೆಯ ಹಳ್ಳಿಗನ್ನಡ, ‘ಗುಲಾಬಿ ಟಾಕೀಸ್’ನ ಗುಲಾಬಿಯದು ಕರಾವಳಿಯದು. ನಮ್ಮ ಕಡೆಯ ಆಯಿ ಬಂದರೆ ಮಾತ್ರ ಸಿನಿಮಾದವರು ಧಾರವಾಡದ ‘ಬರಾಕತ್ತೀನಿ’ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇಲ್ಲಿಯ ಆಯಿ ‘ಬರ್ಲತ್ತೀನಿ, ಜರಾ ತಡಿ’ ಅಂತಾಳ.