ಏಳು ಸಾವಿರ ಅಡಿಯಲ್ಲಿ ರಾಗಿಮುದ್ದೆ: ಮೌಂಟ್ ಲೆಮನ್ ಕ್ಯಾಂಪಿಂಗ್ ದಿನಚರಿ

ಗುರಿ ಇಷ್ಟೇ. ಅರಿಜೋನಾದ ಟೂಸಾನ್ ಊರಿನ ನೆತ್ತಿಯ ಮೇಲೆ ನಿಂತಿರುವ ಮೌಂಟ್ ಲೆಮನ್‌ನಲ್ಲಿ ಟೆಂಟು ಹಾಕಬೇಕು, ಪೈನ್ ಮರದ ಕೆಳಗೆ ಕೂತು ರಾಗಿಮುದ್ದೆ ಕಟ್ಟಬೇಕು, ಬಸ್ಸಾರಿನಲ್ಲಿ ಹೊರಳಿಸಿ ನುಂಗಬೇಕು. ಮಾರ್ಚಿನಲ್ಲಿ ಶುರು ಮಾಡಿದಾಗ ಒಂದು ಶನಿವಾರದ ಕೆಲಸ ಅಂದುಕೊಂಡಿದ್ದೆ. ಮುಗಿದದ್ದು ಅಕ್ಟೋಬರಿನಲ್ಲಿ, ಅದೂ ಅಮ್ಮನ ಲೆಕ್ಕದಲ್ಲಿ ಇನ್ನೂ ಮುಗಿದಿಲ್ಲ.

ನಾವಿರುವುದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. 2023ರ ಜೂನ್ ಕೊನೆಯಿಂದ ಸತತ 31 ದಿನ ಫೀನಿಕ್ಸ್‌ನಲ್ಲಿ ಹಗಲಿನ ಗರಿಷ್ಠ ಬಿಸಿಲು 43 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲಿಲ್ಲ. ಆ ತಿಂಗಳು ಪರದೆ ಎಳೆದುಕೊಂಡು ಎಸಿ ಕೆಳಗೆ ಕೂತಿದ್ದಾಗಲೇ ಬೆಟ್ಟ ಹುಡುಕುವ ಯೋಚನೆ ಬಂದದ್ದು. ಇಲ್ಲಿನ ಬೆಟ್ಟಗಳನ್ನು 'ಆಕಾಶದ ದ್ವೀಪಗಳು' ಅನ್ನುತ್ತಾರೆ. ಸುತ್ತ ಮರುಭೂಮಿಯೇ ಸಮುದ್ರ, ನಡುವೆ ಎದ್ದು ನಿಂತ ಬೆಟ್ಟದ ನೆತ್ತಿಯಲ್ಲಿ ಬೇರೆಯದೇ ಕಾಡು. ಮೌಂಟ್ ಲೆಮನ್ 9,100 ಅಡಿ ದಾಟುತ್ತದೆ. ಬುಡದಲ್ಲಿ ಕೈ ಎತ್ತಿ ನಿಂತ ಸಗ್ವಾರೋ ಕಳ್ಳಿಗಳು. ನಾಲ್ಕು ಸಾವಿರ ಅಡಿ ಹತ್ತಿರ ಅವು ಹಿಂದೆ ಉಳಿದು ಓಕ್ ಶುರು, ಆರು ಸಾವಿರ ದಾಟಿದರೆ ಪಾಂಡೆರೋಸಾ ಪೈನ್, ತುದಿಯಲ್ಲಿ ಫರ್ ಮತ್ತು ಆಸ್ಪೆನ್. ಇದೆಲ್ಲ 27 ಮೈಲಿ ಟಾರು ರಸ್ತೆಯಲ್ಲಿ, ಒಂದು ಗಂಟೆಯೊಳಗೆ. ಬೆಟ್ಟಕ್ಕೆ ಹೆಸರು ಬಂದದ್ದು ನಿಂಬೆಹಣ್ಣಿನಿಂದಲ್ಲ, 1881ರಲ್ಲಿ ಗಂಡನ ಜೊತೆ ಗಿಡಗಳ ಮಾದರಿ ಹುಡುಕುತ್ತ ಇದನ್ನು ಹತ್ತಿದ ಸಸ್ಯವಿಜ್ಞಾನಿ ಸಾರಾ ಲೆಮನ್ ಅವರಿಂದ. ಹೆಂಡತಿಯ ಹೆಸರು ಬೆಟ್ಟಕ್ಕಿಟ್ಟ ಉದಾಹರಣೆ ಅಪರೂಪ ಅಂತ ನಮ್ಮನೆಯವಳು ಕಾರಿನಲ್ಲಿ ಎರಡು ಸಲ ಹೇಳಿದಳು.

ಮಾರ್ಚ್, ಮೊಲಿನೊ ಬೇಸಿನ್, 4,400 ಅಡಿ

ಮೊದಲ ಸಲ ಅಂತ ಕೆಳಗಿನ ಕ್ಯಾಂಪಿನಲ್ಲೇ ಟೆಂಟು ಹಾಕಿದೆವು. ಇಲ್ಲಿ ನಲ್ಲಿ ಇಲ್ಲ. ಮನೆಯಿಂದ 20 ಲೀಟರ್ ಕ್ಯಾನ್ ಹೊತ್ತು ತಂದಿದ್ದೆ. ಮುದ್ದೆ ಪಾತ್ರೆ ತೊಳೆಯುವುದಕ್ಕೆ ಎಷ್ಟು ನೀರು ಬೇಕಾಗುತ್ತದೆ ಅನ್ನುವುದು ಆ ರಾತ್ರಿಯೇ ಗೊತ್ತಾದದ್ದು.

ಒಲೆ ವಿಷಯಕ್ಕೆ ಬರುತ್ತೇನೆ. ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವವರು ಬಳಸುವ ಪುಟ್ಟ ಒಲೆ ಕೊಂಡಿದ್ದೆ. ಗ್ಯಾಸ್ ಡಬ್ಬಿಯ ತಲೆ ಮೇಲೆ ತಿರುಗಿಸಿ ಕೂರಿಸುವಂಥದ್ದು. ನೂಡಲ್ಸಿಗೆ ಅದು ಚಿನ್ನ. ಮುದ್ದೆಗೆ? ನೀರು ಕುದಿಯಿತು, ಉಪ್ಪು ಹಾಕಿದೆ, ಹಿಟ್ಟು ಗುಡ್ಡೆ ಮಾಡಿ ಸುರಿದೆ, ಬೆಂದ ಮೇಲೆ ಕೋಲು ಇಳಿಸಿ ಒಂದು ಸುತ್ತು ತಿರುವಿದೆ. ಅಷ್ಟೇ. ಪಾತ್ರೆ, ಒಲೆ, ಡಬ್ಬಿ ಮೂರೂ ಒಟ್ಟಿಗೆ ಮಲಗಿದವು. ಮುದ್ದೆ ತಿರುವುವುದು ಭುಜದ ಬಲದ ಕೆಲಸ. ನಾಲ್ಕು ಇಂಚು ಅಗಲದ ಡಬ್ಬಿ ಅದನ್ನು ತಡೆಯುತ್ತದೆ ಅಂದುಕೊಂಡ ನನ್ನನ್ನು ತುಮಕೂರು ಕಡೆಯವನು ಅನ್ನಲು ನನಗೇ ನಾಚಿಕೆ. ಆ ರಾತ್ರಿ ಊಟ ಬ್ರೆಡ್ಡು, ಬಾಳೆಹಣ್ಣು.

ಬೆಳಿಗ್ಗೆ ಹತ್ತಿರದಲ್ಲೇ ಇರುವ ಹಳೆಯ ಜೈಲು ಶಿಬಿರದ ಜಾಗಕ್ಕೆ ಹೋದೆವು. ಈ ರಸ್ತೆಯನ್ನು 1933ರಿಂದ ಸುಮಾರು ಹದಿನೇಳು ವರ್ಷ ಕಡಿದವರು ಕೈದಿಗಳು. ಆ ಜಾಗಕ್ಕೆ ಈಗ ಅಲ್ಲಿದ್ದ ಒಬ್ಬ ಕೈದಿಯದೇ ಹೆಸರು: ಗಾರ್ಡನ್ ಹಿರಬಯಾಷಿ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರ ಮೇಲೆ ಕರ್ಫ್ಯೂ ಹಾಕಿ ಊರು ಬಿಡಿಸಿದಾಗ, ಒಪ್ಪುವುದಿಲ್ಲ ಅಂತ ನಿಂತ ಸಿಯಾಟಲ್‌ನ ವಿದ್ಯಾರ್ಥಿ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1943ರಲ್ಲಿ ಸೋತರು. ಜೈಲಿಗೆ ಸಾಗಿಸಲು ಸರ್ಕಾರ ದುಡ್ಡು ಕೊಡದಿದ್ದಾಗ, ದಾರಿಯಲ್ಲಿ ಹೋಗುವ ವಾಹನಗಳಿಗೆ ಕೈ ಅಡ್ಡ ಹಾಕಿಕೊಂಡು ತಾವೇ ಇಲ್ಲಿಗೆ ಬಂದರು. ಶಿಕ್ಷೆ ರದ್ದಾಗಲು 1987 ಬೇಕಾಯಿತು. ಮಗಳು ಇದನ್ನು ಕೇಳಿ, "ಅಪ್ಪಾ, ಬರದೇ ಇದ್ದಿದ್ರೆ ಏನಾಗ್ತಿತ್ತು?" ಅಂದಳು. ಗೊತ್ತಿಲ್ಲ ಪುಟ್ಟಿ ಅಂದೆ.

ಮೇ, ರೋಸ್ ಕ್ಯಾನಿಯನ್, 7,000 ಅಡಿ

ಇದೇ ಜಾಗ ನನ್ನ ಮನಸ್ಸಿನಲ್ಲಿದ್ದದ್ದು. ಏಳು ಸಾವಿರ ಅಡಿ ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಆರುನೂರು ಅಡಿಗೂ ಹೆಚ್ಚು ಮೇಲೆ. ಕರ್ನಾಟಕದಲ್ಲಿ ಇಷ್ಟು ಎತ್ತರದಲ್ಲಿ ಮಲಗಬೇಕೆಂದರೆ ಗಾಳಿಯಲ್ಲೇ ಹಾಸಿಗೆ ಹಾಕಬೇಕು. ಪುಟ್ಟ ಕೆರೆ ಇದೆ, ಟ್ರೌಟ್ ಮೀನು ಬಿಡುತ್ತಾರೆ, ಈಜುವ ಹಾಗಿಲ್ಲ. ಪಾಂಡೆರೋಸಾ ತೊಗಟೆಯ ಬಿರುಕಿಗೆ ಮೂಗು ಹಿಡಿದರೆ ವೆನಿಲಾ ವಾಸನೆ. ಮಗಳು ಇಡೀ ಮಧ್ಯಾಹ್ನ ಮರ ಮೂಸುತ್ತ ತಿರುಗಿದಳು.

ಈ ಸಲ ಎರಡು ಬರ್ನರ್ ಇರುವ, ಮೇಜಿನ ಮೇಲೆ ಅಗಲವಾಗಿ ಕೂರುವ ಪ್ರೊಪೇನ್ ಒಲೆ ತಂದಿದ್ದೆ. ಮುದ್ದೆಗಿಂತ ಮೊದಲು ಸಾರು ಅಂತ ತೊಗರಿಬೇಳೆ ಬೇಯಲು ಇಟ್ಟೆ, ಬರೀ ಪಾತ್ರೆಯಲ್ಲಿ. ಒಂದು ಗಂಟೆ. ಒಂದೂವರೆ ಗಂಟೆ. ಬೇಳೆ ಹಿಚುಕಿದರೆ ಮಣಿ ಹಾಗೆ ಜಾರುತ್ತಿತ್ತು.

ಕಾರಣ ಎತ್ತರ. ಏಳು ಸಾವಿರ ಅಡಿಯಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಆಮೇಲೆ ಎಷ್ಟು ಉರಿ ಕೊಟ್ಟರೂ ಆವಿ ಹೆಚ್ಚುತ್ತದೆಯೇ ಹೊರತು ನೀರು ಇನ್ನೊಂದು ಡಿಗ್ರಿ ಏರುವುದಿಲ್ಲ. ಬೆಂಗಳೂರಿನಲ್ಲಿ ಅದು 97ರ ಆಸುಪಾಸು. ನಾಲ್ಕೇ ಡಿಗ್ರಿ ಅನ್ನಿಸಬಹುದು, ಬೇಳೆಗೆ ಅದು ದೊಡ್ಡದು. ಮೇಲಿಂದ ನಾನು ಮನೆ ನಲ್ಲಿಯ ಗಡಸು ನೀರನ್ನೇ ತುಂಬಿಕೊಂಡು ಬಂದಿದ್ದೆ. ಗಡಸು ನೀರಿನ ಸುಣ್ಣದಂಶ ಬೇಳೆಯನ್ನು ಇನ್ನಷ್ಟು ಮೊಂಡು ಮಾಡುತ್ತದೆ.

ರಾಗಿ ಮಾತ್ರ ಕೈಬಿಡಲಿಲ್ಲ. ರಾಗಿಯ ಪಿಷ್ಟ 93ಕ್ಕಿಂತ ಎಷ್ಟೋ ಕೆಳಗೇ ಉಬ್ಬಿ ಅಂಟಾಗುತ್ತದೆ. ಹಾಗಾಗಿ ಬೆಟ್ಟದ ಮೇಲೆ ಅನ್ನ ಮುಲುಗುಟ್ಟುತ್ತದೆ, ಬೇಳೆ ಹಟ ಮಾಡುತ್ತದೆ, ಹಿಟ್ಟು ತಣ್ಣಗೆ ತನ್ನ ಪಾಡಿಗೆ ಬೇಯುತ್ತದೆ. ಈ ಒಂದು ಸಂಗತಿಗೆ ನಾನು ಆ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿ ಎಷ್ಟು ಖುಷಿಪಟ್ಟೆನೋ. ತಿಂದದ್ದು ಮುದ್ದೆ, ಉಪ್ಪಿನಕಾಯಿ ರಸ, ಮೊಸರು. ಮುದ್ದೆಯೂ ಸುಮಾರಾಗಿತ್ತು, ಏಕೆಂದರೆ ತಿರುವುವಾಗ ಒಲೆ ಬೀಳದಿದ್ದರೂ ಮೇಜೇ ಅಲುಗುತ್ತಿತ್ತು, ಹೆದರಿ ಬೇಗ ಬಿಟ್ಟೆ.

ಕರಡಿ ವಿಷಯ. ಇಲ್ಲಿ ಕಪ್ಪು ಕರಡಿಗಳಿವೆ. ತಿನ್ನುವ ವಸ್ತು, ಸೋಪು, ಟೂತ್‌ಪೇಸ್ಟು, ವಾಸನೆ ಇರುವ ಯಾವುದೂ ಟೆಂಟಿನೊಳಗೆ ಇರಬಾರದು, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ಇಂಗಿನ ಡಬ್ಬಿಯನ್ನು ಎಲ್ಲಕ್ಕಿಂತ ಮೊದಲು ಒಳಗಿಟ್ಟದ್ದು ನಮ್ಮನೆಯವಳು. ಕರಡಿಗೆ ಇಂಗು ಇಷ್ಟವೋ ಕಷ್ಟವೋ ಪರೀಕ್ಷೆ ಮಾಡುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಜೂನ್, ಅದೇ ಜಾಗ

ಮಳೆಗೆ ಮೊದಲಿನ ಈ ವಾರಗಳೇ ಇಲ್ಲಿ ಅತಿ ಒಣ ಕಾಲ. ಬೆಂಕಿ ನಿರ್ಬಂಧ ಹಾಕಿದ್ದರು. ಸೌದೆ ಇಲ್ಲ, ಇದ್ದಲು ಇಲ್ಲ, ಕೀಲಿ ತಿರುಗಿಸಿ ಆರಿಸಬಹುದಾದ ಗ್ಯಾಸ್ ಒಲೆಗೆ ಮಾತ್ರ ಅನುಮತಿ. ಬೇಸರವೇನಿಲ್ಲ. 2003ರ ಆಸ್ಪೆನ್ ಬೆಂಕಿ ಮೇಲಿನ ಸಮ್ಮರ್‌ಹೇವನ್ ಹಳ್ಳಿಯ ಮುನ್ನೂರಕ್ಕೂ ಹೆಚ್ಚು ಮನೆ, ಕಟ್ಟಡಗಳನ್ನು ನುಂಗಿತ್ತು. 2020ರ ಜೂನ್‌ನಲ್ಲಿ ಒಂದು ಸಿಡಿಲಿನಿಂದ ಹತ್ತಿಕೊಂಡ ಬಿಗ್‌ಹಾರ್ನ್ ಬೆಂಕಿ ಸುಮಾರು 1,20,000 ಎಕರೆ ಸುಟ್ಟಿತು. ಮೇಲೆ ಹೋದಂತೆ ಕಂಬದ ಹಾಗೆ ನಿಂತ ಕರಿ ಬೊಡ್ಡೆಗಳು ಈಗಲೂ ಕಾಣುತ್ತವೆ. ನೋಡಿದ ಮೇಲೆ ಸೌದೆ ಹೊತ್ತಿಸುವ ಆಸೆ ತಾನಾಗಿ ಇಳಿಯುತ್ತದೆ.

ಬೇಳೆಯ ಸೇಡು ತೀರಿಸಲು ಮೂರು ಲೀಟರಿನ ಕುಕ್ಕರ್ ತಂದೆ. ಕುಕ್ಕರಿನ ವೆಯ್ಟು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ ಅನ್ನುವುದನ್ನಷ್ಟೇ ಲೆಕ್ಕ ಇಡುತ್ತದೆ. ಹೊರಗಿನ ಗಾಳಿಯೇ ತೆಳುವಾದರೆ ಒಳಗಿನ ಬಿಸಿಯೂ ಇಳಿಯುತ್ತದೆ. ಸಮುದ್ರ ಮಟ್ಟದಲ್ಲಿ 120 ಡಿಗ್ರಿ ಮುಟ್ಟುವ ಕುಕ್ಕರು ಇಲ್ಲಿ 116ರ ಹತ್ತಿರ ನಿಲ್ಲುತ್ತದೆ. ಮನೆಯಲ್ಲಿ ಮೂರು ಕೂಗು, ಇಲ್ಲಿ ಐದು ಅಂತ ನಿರ್ಧರಿಸಿದೆ.

ಮೊದಲ ಕೂಗಿಗೇ ಪಕ್ಕದ ಟೆಂಟಿನ ಅಜ್ಜ ಎದ್ದು ನಿಂತರು. ಎರಡನೆಯದಕ್ಕೆ ನಮ್ಮ ಕಡೆ ಓಡಿ ಬಂದರು. ಗ್ಯಾಸ್ ಸಿಡಿಯುತ್ತಿದೆ ಅಂತ ಅವರ ಗಾಬರಿ. ಬೇಳೆ ಅಂತ ವಿವರಿಸುವಷ್ಟರಲ್ಲಿ ಮೂರನೆಯದು ಕೂಗಿ, ಅವರ ನಾಯಿ ಊಳಿಡಲು ಶುರು ಮಾಡಿತು. ಕಣಿವೆಯ ಆ ಮೌನದಲ್ಲಿ ಕುಕ್ಕರ್ ಕೂಗು ರೈಲಿನ ಹಾಗೆ ಕೇಳುತ್ತದೆ. ಬೇಳೆ ಬೆಣ್ಣೆಯಾಗಿತ್ತು, ನಿಜ. ಮರ್ಯಾದೆ ಉಳಿಯಲಿಲ್ಲ. ಕುಕ್ಕರನ್ನು ಕ್ಯಾಂಪ್ ಪಟ್ಟಿಯಿಂದ ತೆಗೆದು ಹಾಕಿದ್ದೇನೆ.

ಹೊಸ ಉಪಾಯ ಆ ರಾತ್ರಿಯೇ ಹೊಳೆಯಿತು. ಬಸ್ಸಾರನ್ನು ಮನೆಯಲ್ಲೇ ಮಾಡಿ ಗಟ್ಟಿಯಾಗಿ ಫ್ರೀಜ್ ಮಾಡಿ ತರುವುದು. ದಾರಿಯುದ್ದಕ್ಕೂ ಅದೇ ಐಸ್ ಪೆಟ್ಟಿಗೆಯ ಐಸು, ಸಂಜೆಗೆ ಅದೇ ಸಾರು. ಹುರುಳಿಕಾಳಿನ ಬಸ್ಸಾರು ಎರಡನೇ ದಿನಕ್ಕೆ ಇನ್ನೂ ರುಚಿ ಅನ್ನುವುದು ಬೇರೆ ಮಾತು.

ಜುಲೈ

ಇದನ್ನು ಬೇಗ ಮುಗಿಸುತ್ತೇನೆ. ಇಲ್ಲೂ 'ಮಾನ್ಸೂನ್' ಅಂತಲೇ ಕರೆಯುತ್ತಾರೆ. ನಮ್ಮ ಮುಂಗಾರಿನ ಹಾಗೆ ಹಿಡಿದು ಸುರಿಯುವುದಿಲ್ಲ. ಬೆಳಿಗ್ಗೆ ನೀಲಿ ಆಕಾಶ, ಮಧ್ಯಾಹ್ನ ಎರಡಕ್ಕೆ ಹತ್ತಿ ಗುಡ್ಡೆಯಂಥ ಮೋಡ, ಮೂರಕ್ಕೆ ಸಿಡಿಲು. ಟೆಂಟನ್ನು ಮೆತ್ತನೆಯ ಪೈನ್ ಎಲೆ ಹಾಸಿದ ತಗ್ಗಿನಲ್ಲಿ ಹಾಕಿದ್ದೆ. ಎಲೆ ಅಲ್ಲಿ ಬಂದು ಸೇರಿದ್ದೇ ನೀರು ಅದನ್ನು ಅಲ್ಲಿಗೆ ತಂದದ್ದಕ್ಕೆ, ಅದು ಹೊಳೆಯಲಿಲ್ಲ. ನಾವೆಲ್ಲ ಕಾರಿನೊಳಗೆ. "ರೀ, ಅದು ಟೆಂಟೋ ತೆಪ್ಪವೋ?" ಅಂತ ಕೇಳಿದವಳಿಗೆ ಉತ್ತರ ಕೊಡಲಿಲ್ಲ. ಕಬ್ಬಿಣದ ಪೆಟ್ಟಿಗೆಗೆ ಸೇರಿಸಲು ಮರೆತ ರಾಗಿ ಹಿಟ್ಟಿನ ಚೀಲ ಟೆಂಟಿನ ಮೂಲೆಯಲ್ಲಿತ್ತು. ತಣ್ಣೀರಿನಲ್ಲಿ ತಾನೇ ಅಂಬಲಿಯಾಗಿತ್ತು. ರಾತ್ರಿಯೇ ಮನೆಗೆ.

ಇಳಿಯುವಾಗ ಬುಡದಲ್ಲಿ ಕಿಟಕಿ ಇಳಿಸಿದೆವು. ಒದ್ದೆಯಾದ ಕ್ರಿಯೊಸೋಟ್ ಗಿಡದ ವಾಸನೆ. ಮರುಭೂಮಿಯವರಿಗೆ ಅದೇ ಮೊದಲ ಮಳೆಯ ಮಣ್ಣಿನ ವಾಸನೆ. ಹತ್ತು ವರ್ಷವಾದ ಮೇಲೆ ನನಗೂ ಹಾಗೇ ಆಗಿದೆ.

ಅಕ್ಟೋಬರ್, ಮತ್ತೆ ರೋಸ್ ಕ್ಯಾನಿಯನ್

ಚಳಿಗಾಲಕ್ಕೆ ಜಾಗ ಮುಚ್ಚುವ ಮೊದಲು ಕೊನೆಯ ಪ್ರಯತ್ನ. ಟೆಂಟು ಏರಿನ ಮೇಲೆ, ಕೆರೆಯಿಂದ ದೂರ. ರಾತ್ರಿ ತಂಪಾದ ಗಾಳಿ ಭಾರವಾಗಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ, ಕೆರೆ ಅಂಚಿನಲ್ಲಿ ಮಲಗಿದವರಿಗೆ ಅದು ಚೆನ್ನಾಗಿ ಗೊತ್ತು. ನಮ್ಮ ಥರ್ಮಾಮೀಟರಿನಲ್ಲಿ ಬೆಳಗಿನ ಜಾವ 2 ಡಿಗ್ರಿ. ಕಾಫಿಗೆಂದು ತಂದಿದ್ದ ಅಗ್ಗದ ಬ್ಯುಟೇನ್ ಒಲೆ ಉಸಿರೇ ಬಿಡಲಿಲ್ಲ. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದನ್ನು ಮರೆತು ಡಬ್ಬಿಯೊಳಗೇ ದ್ರವವಾಗಿ ಕೂರುತ್ತದೆ. ಪ್ರೊಪೇನ್‌ಗೆ ಆ ಸಮಸ್ಯೆ ಇಲ್ಲ, ಅದು ಮೈನಸ್ 42ರವರೆಗೂ ಆವಿಯಾಗುತ್ತದೆ. ದೊಡ್ಡ ಒಲೆ ಹೊತ್ತಿಸಿ ಕಾಫಿ ಕುಡಿದೆವು.

ಮುದ್ದೆಗೆ ಬೇಕಾದ ಕೊನೆಯ ಉತ್ತರ ಅಮ್ಮನ ಹತ್ತಿರವೇ ಇತ್ತು. ಹೋದ ತಿಂಗಳು ಫೋನಿನಲ್ಲಿ ಗೋಳು ಹೇಳಿಕೊಂಡಾಗ, "ಒಲೆ ಮೇಲೆ ಯಾಕೋ ತಿರುವ್ತೀಯಾ? ಕೆಳಗಿಳ್ಸಿ ಕಾಲಲ್ಲಿ ಹಿಡ್ಕೊಂಡು ತಿರುವೋದಲ್ವಾ?" ಅಂದಿದ್ದರು. ಚಿಕ್ಕಂದಿನಲ್ಲಿ ದಿನಾ ನೋಡಿದ ದೃಶ್ಯ. ಆದರೂ ನಾನು ಆರು ತಿಂಗಳು ಒಲೆ ಬದಲಾಯಿಸುತ್ತ ಕೂತಿದ್ದೆ.

ಸಂಜೆ ನಾಲ್ವರಿಗೆ ಆಗುವಷ್ಟು ನೀರಿಟ್ಟೆ. ಮೊದಲು ಒಂದು ಚಮಚ ಹಿಟ್ಟು ಕದಡಿ ಹಾಕಿ, ಕುದಿ ಬಂದ ಮೇಲೆ ಉಳಿದದ್ದನ್ನು ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟೆ. ಊರಿಗಿಂತ ನಾಲ್ಕು ನಿಮಿಷ ಹೆಚ್ಚು. ಪಾತ್ರೆ ಇಳಿಸಿ ಮಡಿಸಿದ ದಪ್ಪ ಟವೆಲ್ ಮೇಲಿಟ್ಟು, ಎರಡೂ ಶೂಗಳ ನಡುವೆ ಬಿಗಿಹಿಡಿದು ತಿರುವಿದೆ. ಪಾತ್ರೆ ಮಿಸುಕಲಿಲ್ಲ. ಒಣ ಗಾಳಿಗೆ ಮುದ್ದೆಯ ಮೈ ತಕ್ಷಣ ಬಿರುಕು ಬಿಡುತ್ತದೆ ಅಂತ ಮೇ ತಿಂಗಳಲ್ಲೇ ಕಲಿತಿದ್ದರಿಂದ, ಕಟ್ಟಿದ್ದನ್ನು ಕಟ್ಟಿದ ಹಾಗೆ ಒದ್ದೆ ಬಟ್ಟೆಯಡಿ ಮುಚ್ಚಿಟ್ಟೆ. ಬಸ್ಸಾರಿನಲ್ಲಿ ಇನ್ನೂ ಒಂದು ಮಂಜಿನ ಗಡ್ಡೆ ತೇಲುತ್ತಿತ್ತು, ಅದು ಕರಗಿ ಕುದಿಯುವಷ್ಟರಲ್ಲಿ ಕತ್ತಲಾಯಿತು. ತಲೆಗೆ ದೀಪ ಕಟ್ಟಿಕೊಂಡು ಉಂಡೆವು. ಯಾರೂ ಮಾತಾಡಲಿಲ್ಲ, ಮಗಳು ಎರಡನೇ ಮುದ್ದೆ ಕೇಳಿದಳು. ಮನೆಯಲ್ಲಿ ಅರ್ಧಕ್ಕೇ ತಟ್ಟೆ ತಳ್ಳುವ ಹುಡುಗಿ.

ಮರುದಿನ ಇಳಿಯುವಾಗ ವಿಂಡಿ ಪಾಯಿಂಟ್‌ನಲ್ಲಿ ನಿಲ್ಲಿಸಿದೆ. ಬಂಡೆಗಳ ಆಚೆ ಇಡೀ ಟೂಸಾನ್ ಬಯಲು ಕೆಳಗೆ ಹರಡಿತ್ತು. ಫೋನಿಗೆ ಸಿಗ್ನಲ್ ಸಿಕ್ಕಿತು. ಟೆಂಟು, ಪೈನ್ ಮರ, ಕೆರೆ, ಕೊನೆಗೆ ತಟ್ಟೆಯಲ್ಲಿ ಹೊಳೆಯುವ ಮುದ್ದೆ, ನಾಲ್ಕು ಫೋಟೋ ಅಮ್ಮನಿಗೆ ಕಳಿಸಿದೆ. ಐದು ನಿಮಿಷಕ್ಕೆ ಅವರೇ ಫೋನ್ ಮಾಡಿದರು. ಬೆಟ್ಟದ ಬಗ್ಗೆ ಒಂದು ಮಾತಿಲ್ಲ.

"ಎಡಗಡೆ ಮುದ್ದೇಲಿ ಗಂಟು ಕಾಣ್ತಿದೆಯಲ್ಲೋ."