'ಯಾವಾಗ ಒಂದು ಹಾಡು ನುಡಿಸ್ತಾಳೆ?'

ಚಿಕ್ಕ ಮಕ್ಕಳಿಗೆ ಪಿಯಾನೋ ಹೇಳಿಕೊಡುವುದು ನನ್ನ ಕೆಲಸ. ನಾಲ್ಕೈದು ವರ್ಷದವರೇ ಜಾಸ್ತಿ. ಸೇರಿಸಿದ ಎರಡನೇ ವಾರಕ್ಕೇ ಅಪ್ಪ ಅಮ್ಮ ಕೇಳುತ್ತಾರೆ: 'ಒಂದು ಹಾಡು ನುಡಿಸೋಕೆ ಎಷ್ಟು ತಿಂಗಳು ಬೇಕು?'

ಲೆಕ್ಕ ಕೊಡುವುದಿಲ್ಲ. ಅವಸರ ಇದ್ದರೆ ಕೀಗಳ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿ ಕೆಂಪು, ಕೆಂಪು, ಹಸಿರು ಅಂತ ಒತ್ತಿಸಬಹುದು. ಹಾಡು ಬೇಗ ಬರುತ್ತದೆ. ಸ್ಟಿಕ್ಕರ್ ಕಿತ್ತರೆ 88 ಕೀಗಳ ಮುಂದೆ ಮಗು ಕಂಗಾಲು. ನಾನು ಹಾಗೆ ಕಲಿಸುವುದಿಲ್ಲ. ಕಪ್ಪು ಕೀಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿ ಕೂತಿವೆ. ಎರಡರ ಗುಂಪಿನ ಎಡಕ್ಕೆ ಅಂಟಿಕೊಂಡ ಬಿಳಿ ಕೀ 'ಸಿ' ಅನ್ನೋ ಸ್ವರ. ಇದನ್ನು ಬೆರಳಿಂದ ತಡವಿ ಹುಡುಕಿದ ಮಗು ಯಾವ ಪಿಯಾನೋ ಮುಂದೆ ಕೂರಿಸಿದರೂ ದಾರಿ ತಪ್ಪುವುದಿಲ್ಲ.

ಒಮ್ಮೆ ಒಂದು ಹುಡುಗಿ ಎಡತುದಿಯ ಕೀ ಒತ್ತಿ ಹಿಡಿದು ಕೂತಿದ್ದಳು. ದನಿ ನಿಧಾನಕ್ಕೆ ಕರಗುತ್ತಿತ್ತು. ಬೆರಳು ತೆಗೆದಳು, ದನಿ ನಿಂತಿತು. ಮತ್ತೆ ಒತ್ತಿದಳು, ಮತ್ತೆ ತೆಗೆದಳು. ಕೀ ಬಿಟ್ಟಾಗ ಡ್ಯಾಂಪರ್ ಅನ್ನೋ ಮೆತ್ತೆ ತಂತಿಯ ಮೇಲೆ ಕೂತು ದನಿ ಅಡಗಿಸುತ್ತದೆ, ಅದನ್ನೇ ಅವಳು ಹಿಡಿದಿದ್ದಳು. ಆಮೇಲೆ ಬಲತುದಿಗೆ ಓಡಿದಳು. ಒತ್ತಿ ತಟ್ಟನೆ ಕೈ ತೆಗೆದಳು. 'ಇದು ಬಿಟ್ಟರೂ ಕೇಳಿಸ್ತಿದೆ!' ಅಂತ ಕೂಗಿದಳು. ನಿಜ! ಅಲ್ಲಿನ ಗಿಡ್ಡ ತಂತಿಗಳ ದನಿ ಹೇಗೂ ಬೇಗ ಸಾಯುತ್ತದೆ, ಅದಕ್ಕೇ ಅವಕ್ಕೆ ಡ್ಯಾಂಪರ್ ಇಡುವುದಿಲ್ಲ. ವರ್ಷಗಟ್ಟಲೆ ನುಡಿಸಿದ ದೊಡ್ಡವರಲ್ಲೂ ಇದನ್ನು ಗಮನಿಸದವರಿದ್ದಾರೆ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವರಪ್ಪ, 'ಸುಮ್ನೆ ಒಂದೊಂದೇ ಕೀ ಒತ್ತಿಸ್ತಾ ಇದ್ದೀರಲ್ಲ, ಪಾಠ ಯಾವಾಗ?' ಅಂದರು.

ಅದೇ ಪಾಠ ಸ್ವಾಮಿ! ಕೇಳಿಸಿಕೊಳ್ಳದ ಮಗುವಿಗೆ ಜೋರು, ಮೆಲು ಅಂತ ನಾನು ಎಷ್ಟು ಬಡಕೊಂಡರೂ ಹತ್ತುವುದಿಲ್ಲ. ಕೈಗೂ ಸಮಯ ಬೇಕು. ಒಂದು ಆಕ್ಟೇವ್, ಅಂದರೆ ಒಂದು 'ಸಿ'ಯಿಂದ ಮುಂದಿನ 'ಸಿ'ವರೆಗಿನ ದೂರ, ಸುಮಾರು 16.5 ಸೆಂಟಿಮೀಟರ್, ಐದು ವರ್ಷದ ಅಂಗೈ ಅಷ್ಟು ಚಾಚುವುದಿಲ್ಲ. ಉಂಗುರದ ಬೆರಳಂತೂ ಪಕ್ಕದ ಬೆರಳುಗಳನ್ನು ಬಿಟ್ಟು ಏಳೋದೇ ಕಷ್ಟ. ನೀವೇ ಮೇಜಿನ ಮೇಲೆ ಕೈ ಇಟ್ಟು ನೋಡಿ.

'ಮನೇಲಿ ನಾವೇನು ಮಾಡಬೇಕು?' ಅಂತ ಯಾಕೆ ಯಾರೂ ಕೇಳುವುದಿಲ್ಲ? ಅದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ. ಮೊದಲು ಕಾಲಿನ ಕೆಳಗೆ ಒಂದು ಮಣೆ ಇಡಿ. ಕಾಲು ಜೋತಾಡುತ್ತಿದ್ದರೆ ಭುಜ ಬಿಗಿಯುತ್ತದೆ, ಬೆರಳೂ ಬಿಗಿಯುತ್ತದೆ. ಮೊಣಕೈ ಕೀಗಳ ಮಟ್ಟಕ್ಕೆ ಬರಲಿ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಫೋನ್ ಬಿಟ್ಟು ಪಕ್ಕದಲ್ಲಿ ಕೂರಿ. ತಪ್ಪಿದ ತಕ್ಷಣ 'ಮೊದಲಿಂದ' ಅನ್ನಬೇಡಿ, ತಪ್ಪಿದ್ದು ಅವಳಿಗೂ ಕೇಳಿಸಿರುತ್ತದೆ. ನೆಂಟರ ಮುಂದೆ 'ನುಡಿಸಿ ತೋರಿಸು' ಅಂತ ನಿಲ್ಲಿಸಲೂ ಬೇಡಿ. 'ಇವತ್ತು ಯಾವ ಸದ್ದು ಇಷ್ಟ ಆಯ್ತು?' ಅಂತ ಕೇಳಿ, ಅವಳು ತೋರಿಸಿದ ಕೀ ನೀವೂ ಒಮ್ಮೆ ಒತ್ತಿ.